ಗರುಡ, ವರಾಹ, ಬಿರ್ಲಾ: ಒಂದೇ ಕಲ್ಲಿನ ಮೇಲೆ ಎಷ್ಟು ಮುದ್ರೆ!

ಮೂರು ಚೀಲ, ಮೂರರ ಮೇಲೂ ಬಿರ್ಲಾ. ಒಂದು ಬಿರ್ಲಾ ಸೂಪರ್, ಒಂದು ಬಿರ್ಲಾ ಶಕ್ತಿ, ಇನ್ನೊಂದು ಬಿರ್ಲಾ ಎ1. ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಆಡಕಿಯಲ್ಲೋ ಚಿತ್ತಾಪುರದ ಕಡೆಯೋ ಮನೆ ಕಟ್ಟಿಸಿದವರು ಈ ಹೆಸರುಗಳನ್ನು ಬಾಯಿಪಾಠ ಹೇಳುತ್ತಾರೆ. ಇವು ಒಂದೇ ಕಂಪನಿಯ ಮೂರು ದರ್ಜೆಗಳಲ್ಲ, ಮೂರು ಬೇರೆ ಬೇರೆ ಕಂಪನಿಗಳ ಮಾಲಾಗಿದ್ದವು ಎಂಬುದನ್ನು ತಿಳಿದ ದಿನದಿಂದ ಸಿಮೆಂಟ್ ಚೀಲವನ್ನು ಸುಮ್ಮನೆ ದಾಟಿ ಹೋಗುವುದು ನನ್ನಿಂದ ಆಗಿಲ್ಲ!

ಸೂಪರ್ ಬಂದದ್ದು ಮಳಖೇಡದ ರಾಜಶ್ರೀ ಕಾರ್ಖಾನೆಯಿಂದ, ಅಂದರೆ ಆದಿತ್ಯ ಬಿರ್ಲಾ ಸಮೂಹದಿಂದ. ಶಕ್ತಿ ಬಂದದ್ದು ಸೇಡಂನ ವಾಸವದತ್ತಾದಿಂದ. ಅದು ಆಗ ಬಸಂತಕುಮಾರ ಬಿರ್ಲಾ ಅವರ ಕೇಶೋರಾಂ ಇಂಡಸ್ಟ್ರೀಸ್‌ನದು. ಎ1 ಬಂದದ್ದು ಚಿತ್ತಾಪುರ ತಾಲ್ಲೂಕಿನ ಇಟಗಾದಲ್ಲಿ 2015ರಲ್ಲಿ ಶುರುವಾದ ಓರಿಯಂಟ್ ಸಿಮೆಂಟ್‌ನಿಂದ; ಅದು ಆಗ ಸಿ.ಕೆ. ಬಿರ್ಲಾ ಅವರದು. ಬಸಂತಕುಮಾರರು ಘನಶ್ಯಾಮದಾಸ ಬಿರ್ಲಾ ಅವರ ಮಗ. ಆದಿತ್ಯ ವಿಕ್ರಮ್ ಬಸಂತಕುಮಾರರ ಮಗ. ಸಿ.ಕೆ. ಬಿರ್ಲಾ ಘನಶ್ಯಾಮದಾಸರ ತಮ್ಮ ಬ್ರಿಜಮೋಹನರ ಮೊಮ್ಮಗ. ಅಪ್ಪ, ಮಗ, ದಾಯಾದಿ! ಒಂದು ವಂಶದ ಮೂರು ಕವಲು ಬಂದು ಒಂದೇ ಕಾಗಿಣಾ ನದಿ ಸೀಮೆಯ ಸುಣ್ಣಕಲ್ಲಿಗೆ ಬಾಯಿ ಹಾಕಿವೆ, ಒಂದೇ ಅಡ್ಡಹೆಸರನ್ನು ಚೀಲದ ಮೇಲೆ ದೊಡ್ಡದಾಗಿ ಬರೆದಿವೆ, ಒಂದೇ ಅಂಗಡಿಯಲ್ಲಿ ಒಂದರ ಪಕ್ಕ ಒಂದು ನಿಂತು ಗಿರಾಕಿಗಾಗಿ ಪೈಪೋಟಿ ಮಾಡಿವೆ.

ಗಿರಾಕಿ ಗೊಂದಲಕ್ಕೆ ಬಿದ್ದನೇ? ಇಲ್ಲ. ಆತ ಮೊದಲ ಪದವನ್ನು ಬಿಟ್ಟೇಬಿಟ್ಟ. ‘ಶಕ್ತಿ ಕೊಡ್ರಿ’, ‘ಸೂಪರ್ ಕೊಡ್ರಿ’, ಅಷ್ಟೇ. ಮನೆತನ ನೂರು ವರ್ಷ ಗಳಿಸಿದ ಹೆಸರು ನಂಬಿಕೆಗೆ ಬೇಕಾಯಿತು, ಗುರುತಿಗೆ ಮಾತ್ರ ಪುಟ್ಟದೊಂದು ಎರಡನೆಯ ಪದ ಸಾಕಾಯಿತು. ಬ್ರ್ಯಾಂಡ್ ಕಟ್ಟುವ ವಿದ್ಯೆಯನ್ನು ಮುಂಬೈಯ ಗಾಜಿನ ಕಟ್ಟಡಗಳಲ್ಲಿ ಹುಡುಕುವವರು ಒಮ್ಮೆ ಸೇಡಂನ ಸಿಮೆಂಟ್ ಅಂಗಡಿಯ ಕಟ್ಟೆಯ ಮೇಲೆ ಕೂತು ನೋಡಬೇಕು.

ಸಿಮೆಂಟಿನಲ್ಲಿ ಈ ಆಟ ಹಳೆಯದೇನಲ್ಲ ಎಂಬುದು ಇನ್ನೊಂದು ಬೆರಗು. 1982ರ ಫೆಬ್ರುವರಿವರೆಗೆ ದೇಶದಲ್ಲಿ ಸಿಮೆಂಟ್ ಪೂರ್ತಿ ಸರ್ಕಾರದ ಹಿಡಿತದಲ್ಲಿತ್ತು. ಬೆಲೆಯನ್ನೂ ಹಂಚಿಕೆಯನ್ನೂ ಸರ್ಕಾರವೇ ಗೊತ್ತು ಮಾಡುತ್ತಿತ್ತು. ಮನೆ ಕಟ್ಟುವವನ ಕೈಯಲ್ಲಿ ಪರ್ಮಿಟ್ ಇದ್ದರೆ ಸಿಮೆಂಟ್, ಇಲ್ಲದಿದ್ದರೆ ಕಾಯುವುದು. ಸಿಕ್ಕದ್ದೇ ಭಾಗ್ಯ ಎಂಬ ಕಾಲದಲ್ಲಿ ಚೀಲದ ಮೇಲೆ ಯಾರ ಹೆಸರಿದ್ದರೇನು? ಆ ವರ್ಷ ಅರ್ಧ ಬಿಗಿ ಸಡಿಲಾಯಿತು, 1989ರ ಮಾರ್ಚ್‌ನಲ್ಲಿ ಪೂರ್ತಿ ಬಿಟ್ಟುಹೋಯಿತು. ಈ ಎರಡು ವರ್ಷಗಳ ನಡುವೆ, ಎಂಬತ್ತರ ದಶಕದ ಮಧ್ಯಭಾಗದಲ್ಲೇ, ಮಳಖೇಡದಲ್ಲಿ ರಾಜಶ್ರೀ, ಸೇಡಂನಲ್ಲಿ ವಾಸವದತ್ತಾ ಎದ್ದು ನಿಂತವು. ಅಲ್ಲಿಂದ ಮುಂದೆ ಸಿಮೆಂಟ್ ಹುಡುಕಿಕೊಂಡು ಜನ ಹೋಗುವ ಬದಲು ಜನರನ್ನು ಹುಡುಕಿಕೊಂಡು ಸಿಮೆಂಟ್ ಬರಬೇಕಾಯಿತು. ಹಳ್ಳಿಯ ಗೋಡೆಗಳಿಗೆ ಬಣ್ಣ ಬಂತು. ಗೌಂಡಿಗಳಿಗೆ ಟೋಪಿ, ಟೀ ಶರ್ಟು, ಅಳತೆ ಟೇಪು ಬಂತು. ಏಕೆಂದರೆ ಮನೆಯ ಯಜಮಾನ ಜೀವಮಾನದಲ್ಲಿ ಒಂದೇ ಸಲ ಸಿಮೆಂಟ್ ಕೊಳ್ಳುವವನು, ಆತನಿಗೆ ಅದರ ಗುಣ ಹೇಗೆ ಗೊತ್ತಾಗಬೇಕು? ಆತ ಗೌಂಡಿಯ ಮುಖ ನೋಡುತ್ತಾನೆ. ಬೂದಿ ಬಣ್ಣದ ಪುಡಿ ಎಲ್ಲ ಚೀಲದಲ್ಲೂ ಒಂದೇ ಥರ ಕಾಣುತ್ತದೆ. ಕಣ್ಣಿಗೆ ಬೇರೆಯಾಗಿ ಕಾಣುವುದು ಚೀಲ ಮಾತ್ರ.

ಆ ಚೀಲದ ಮುದ್ರಣವೇ ಒಂದು ಪಾಠ. ಹಿಂದೆ ಸೆಣಬಿನ ಗೋಣಿ, ಈಗ ಪ್ಲಾಸ್ಟಿಕ್ ಪಟ್ಟಿಗಳನ್ನು ಹೆಣೆದ ಐವತ್ತು ಕಿಲೋ ಚೀಲ. ಹೆಣಿಗೆಯ ಮೇಲೆ ಶಾಯಿ ಕೂರುವುದೇ ಕಷ್ಟ. ಕೂದಲೆಳೆಯಂಥ ಗೆರೆ ಎಳೆಗಳ ಸಂದಿಯಲ್ಲಿ ಒಡೆದುಹೋಗುತ್ತದೆ, ಬಣ್ಣದಿಂದ ಬಣ್ಣಕ್ಕೆ ಜಾರುವ ನಯವಾದ ಛಾಯೆ ಕಲೆಯಂತೆ ಕಾಣುತ್ತದೆ. ಮೇಲಿಂದ ಲಾರಿಯ ಎಳೆದಾಟ, ಹಮಾಲರ ಬೆನ್ನು, ಧೂಳು, ಮಳೆ. ಇವೆಲ್ಲ ದಾಟಿಯೂ ಇಪ್ಪತ್ತು ಹೆಜ್ಜೆ ದೂರದಿಂದ ಗುರುತು ಸಿಗಬೇಕು. ಕಾಗದದ ಮೇಲೆ ಚೆಂದ ಕಂಡ ಎಷ್ಟು ಲಾಂಛನಗಳು ಈ ಪರೀಕ್ಷೆಯಲ್ಲಿ ಸೋಲುತ್ತವೋ! ಹಾಗಾಗಿಯೇ ಸಿಮೆಂಟ್ ಲಾಂಛನಗಳೆಲ್ಲ ದಪ್ಪ ಅಕ್ಷರ, ಗಟ್ಟಿ ಬಣ್ಣ, ಎರಡೋ ಮೂರೋ ಆಕಾರ. ಅಕ್ಷರ ಬಾರದವರಿಗೆ ಬಣ್ಣವೇ ಹೆಸರು.

ಚೀಲ ಖಾಲಿಯಾದರೆ ಲಾಂಛನದ ಕೆಲಸ ಮುಗಿಯುತ್ತದೆ ಎಂದುಕೊಂಡಿರಾ? ಅಲ್ಲಿಂದ ಶುರು! ಆಡಕಿ ಕಡೆ ಹೊಲಗಳಲ್ಲಿ ತೊಗರಿ ರಾಶಿಯ ಹೊತ್ತಿಗೆ ನೋಡಿ. ಖಾಲಿ ಚೀಲಗಳನ್ನು ಬಿಚ್ಚಿ, ಅಂಚಿಗೆ ಅಂಚು ಹೊಲಿದು ತಾಡಪತ್ರಿ ಮಾಡಿರುತ್ತಾರೆ. ಬಚ್ಚಲಿಗೆ ಮರೆ, ಹೊಟ್ಟಿನ ಬಣವಿಗೆ ಹೊದಿಕೆ, ಕಟ್ಟೆಯ ಮೇಲೆ ಹಾಸು. ಕಂಪನಿ ದುಡ್ಡು ಕೊಟ್ಟು ಬರೆಸಿದ ಗೋಡೆ ಜಾಹೀರಾತಿಗಿಂತ ಹೆಚ್ಚು ಕಾಲ, ಹೆಚ್ಚು ಕಣ್ಣಿಗೆ ಬೀಳುವುದು ದುಡ್ಡಿಲ್ಲದೆ ಹರಡಿದ ಈ ಬಟ್ಟೆ. ಯಾವ ಕಂಪನಿಯೂ ಇದನ್ನು ಯೋಜನೆ ಹಾಕಿ ಮಾಡಿದ್ದಲ್ಲ. ಲಾಂಛನ ಬದಲಿಸುವ ತೀರ್ಮಾನ ಕಾಗದದ ಮೇಲೆ ಒಂದು ದಿನದಲ್ಲಿ ಆಗಬಹುದು, ಹೊಲದಲ್ಲಿ ಅದು ಮುಗಿಯಲು ವರ್ಷಗಳು ಬೇಕು.

ಈಗ ಒಂದಿಷ್ಟು ಹಿಂದಕ್ಕೆ, ಶಹಾಬಾದಿಗೆ. 1936ರ ಆಗಸ್ಟ್ 1ರಂದು ದೇಶದ ಹತ್ತು ಸಿಮೆಂಟ್ ಕಂಪನಿಗಳು ಒಂದಾಗಿ ಅಸೋಸಿಯೇಟೆಡ್ ಸಿಮೆಂಟ್ ಕಂಪನೀಸ್ ಹುಟ್ಟಿತು. ಆ ಹತ್ತರಲ್ಲಿ ಒಂದು, ನಿಜಾಮರ ರಾಜ್ಯದಲ್ಲಿದ್ದ ನಮ್ಮ ಶಹಾಬಾದ್ ಸಿಮೆಂಟ್ ಕಂಪನಿ! ಎಫ್.ಇ. ದಿನ್‌ಶಾ ಎಂಬ ಮುಂಬೈಯ ವ್ಯವಹಾರಸ್ಥ ಈ ಒಗ್ಗಟ್ಟಿಗಾಗಿ ಓಡಾಡಿ, ಅದು ಕೈಗೂಡುವ ಮುನ್ನವೇ ತೀರಿಕೊಂಡರು. ಒಟ್ಟಾದ ಕಂಪನಿಯ ಹೆಸರು ಬಾಯಿಗೆ ಉದ್ದ. ಜನ ಅದನ್ನು ಕಡಿದರು, ಎಸಿಸಿ ಎಂದರು. ಕಂಪನಿ ತನ್ನ ದಫ್ತರದ ಹೆಸರನ್ನು ಎಸಿಸಿ ಲಿಮಿಟೆಡ್ ಎಂದು ಬದಲಿಸಿಕೊಂಡದ್ದು 2006ರ ಸೆಪ್ಟೆಂಬರ್‌ನಲ್ಲಿ, ಎಪ್ಪತ್ತು ವರ್ಷಗಳ ಮೇಲೆ! ಜನ ಎಂದೋ ಮಾಡಿ ಮುಗಿಸಿದ್ದ ಕೆಲಸಕ್ಕೆ ಕಂಪನಿ ಆಮೇಲೆ ಸಹಿ ಹಾಕಿತು. ನನಗೆ ಇದು ಮರುವಿನ್ಯಾಸದ ಅತ್ಯಂತ ಚೆಂದದ ಬಗೆ. ಹೊಸದೇನನ್ನೂ ಹೇರಲಿಲ್ಲ, ಬಾಯಲ್ಲಿದ್ದದ್ದನ್ನು ಚೀಲಕ್ಕೆ ತಂದರು. 1968ರಲ್ಲಿ ವಾಡಿಯಲ್ಲಿ ಶುರುವಾದ ಅದೇ ಕಂಪನಿಯ ಕಾರ್ಖಾನೆ 2010ರಲ್ಲಿ ಸಿಮೆಂಟಾಗಿ ಅರೆಯುವ ಕ್ಲಿಂಕರ್ ಗಟ್ಟಿಯನ್ನು ದಿನಕ್ಕೆ 12,500 ಟನ್ ಸುಡುವ ಗೂಡು ಹೊತ್ತಿಸಿತು. ಆಗ ಜಗತ್ತಿನಲ್ಲೇ ಅಷ್ಟು ದೊಡ್ಡ ಒಂಟಿ ಗೂಡು ಬೇರೆ ಇರಲಿಲ್ಲ. ವಾಡಿ ಎಂದರೆ ರೈಲು ಬದಲಿಸುವ ಜಂಕ್ಷನ್ ಎಂದಷ್ಟೇ ತಿಳಿದ ಹೊರಗಿನವರಿಗೆ ಇದನ್ನು ಹೇಳಿ ನೋಡಿ.

ಹೆಸರು ಕಳೆದುಕೊಂಡು ಬದುಕಿದ ಕತೆ ಎಸಿಸಿಯ ಹೆಸರಿನ ಕತೆಗೆ ಪೂರ್ತಿ ತಿರುವುಮುರುವು. ಎಲ್ ಅಂಡ್ ಟಿ ಸಿಮೆಂಟ್ ಒಂದು ಕಾಲದಲ್ಲಿ ದೇಶದ ಅತಿ ದೊಡ್ಡ ಹೆಸರುಗಳಲ್ಲೊಂದು. 2004ರಲ್ಲಿ ಆ ವಿಭಾಗ ಎಲ್ ಅಂಡ್ ಟಿಯಿಂದ ಬೇರೆಯಾಗಿ, ಆದಿತ್ಯ ಬಿರ್ಲಾ ಸಮೂಹದ ಗ್ರಾಸಿಂ ಕೈಗೆ ಬಂತು. ಕಾರ್ಖಾನೆ ಬಂತು, ಗಣಿ ಬಂತು, ಡೀಲರುಗಳು ಬಂದರು. ಹೆಸರು ಮಾತ್ರ ಬರಲಿಲ್ಲ! ಎಲ್ ಅಂಡ್ ಟಿ ಎಂಬ ಹೆಸರು ಎಲ್ ಅಂಡ್ ಟಿಯದೇ ಆಗಿ ಉಳಿಯಿತು. ಕೊಂಡವರು ಯಾರೂ ಕೇಳಿರದ ‘ಅಲ್ಟ್ರಾಟೆಕ್’ ಎಂಬ ಹೆಸರನ್ನು ಹಿಡಿದು ಮೊದಲಿಂದ ಹೊರಡಬೇಕಾಯಿತು. ಅವರು ಮಾಡಿದ್ದನ್ನು ನೋಡಿ. ಎಲ್ ಅಂಡ್ ಟಿ ಎಂದರೆ ಜನರ ಮನಸ್ಸಿನಲ್ಲಿದ್ದದ್ದು ಸೇತುವೆ, ಅಣೆಕಟ್ಟು, ಎಂಜಿನಿಯರು. ಹೊಸ ಹೆಸರಿನ ಕೆಳಗೆ ಬರೆದದ್ದು ‘ದಿ ಎಂಜಿನಿಯರ್ಸ್ ಚಾಯ್ಸ್’. ಹೆಸರನ್ನು ಬಿಟ್ಟುಕೊಟ್ಟು ಅದರೊಳಗಿದ್ದ ನಂಬಿಕೆಯನ್ನು ದಾಟಿಸಿಕೊಂಡರು ಎಂದೇ ನಾನು ಓದುತ್ತೇನೆ. ಇಂದು ಆ ಹಳದಿ ಚೀಲ ಕಾಣದ ತಾಲ್ಲೂಕು ಹುಡುಕಬೇಕು.

ದಾಟಿಸದಿದ್ದರೆ ಏನಾಗುತ್ತದೆ? 2009ರ ಆರಂಭದಲ್ಲಿ ಅಮೆರಿಕದ ಟ್ರಾಪಿಕಾನಾ ಕಂಪನಿ ತನ್ನ ಕಿತ್ತಳೆ ರಸದ ಡಬ್ಬಿಯ ಮೇಲಿದ್ದ, ಹಣ್ಣಿಗೇ ನೇರ ಚುಚ್ಚಿದ ಕೊಳವೆಯ ಚಿತ್ರವನ್ನು ತೆಗೆದು, ಗಾಜಿನ ಲೋಟದ ರಸ ಹಾಕಿತು. ರಸ ಅದೇ. ಸುಮಾರು ಎರಡು ತಿಂಗಳಲ್ಲಿ ಮಾರಾಟ ಶೇ 20ರಷ್ಟು ಬಿತ್ತು, ಹಳೆಯ ಡಬ್ಬಿ ಓಡಿ ಬಂತು. ಮಾರುಕಟ್ಟೆಯ ಸಾಲಿನಲ್ಲಿ ಜನ ತಮ್ಮ ಡಬ್ಬಿಯನ್ನು ಓದುತ್ತಿರಲಿಲ್ಲ, ಗುರುತು ಹಿಡಿಯುತ್ತಿದ್ದರು ಅಷ್ಟೆ.

ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಮಳಖೇಡದ ಕೋಟೆಯ ಮುಂದೆ ನಿಂತರೆ ಎದೆ ಝಲ್ಲೆನ್ನುತ್ತದೆ. ಯಾಕೆಂದರೆ ಈ ವಿದ್ಯೆ ಇಲ್ಲಿ ಸಾವಿರದ ಇನ್ನೂರು ವರ್ಷ ಹಳತು!

ಬಾದಾಮಿ ಚಾಲುಕ್ಯರ ಲಾಂಛನ ವರಾಹ. 753ರ ಹೊತ್ತಿಗೆ ರಾಷ್ಟ್ರಕೂಟರ ದಂತಿದುರ್ಗ ಆ ರಾಜ್ಯವನ್ನು ಕಿತ್ತುಕೊಂಡ. ನೆಲ ಅದೇ, ಊರುಗಳು ಅವೇ, ಕಂದಾಯ ಕೊಡುವ ರೈತರೂ ಅವರೇ. ದೊರೆ ಬದಲಾಗಿದ್ದಾನೆ ಎಂದು ಕೊಂಕಣದ ಹಳ್ಳಿಗೆ ಗೊತ್ತಾಗುವುದು ಹೇಗೆ? ಮುದ್ರೆಯಿಂದ! ದಾನ ಕೊಟ್ಟಾಗ ತಾಮ್ರದ ಹಲಗೆಗಳ ಮೇಲೆ ಬರೆಸಿ, ಅವನ್ನು ಒಂದು ಬಳೆಗೆ ಪೋಣಿಸಿ, ಬಳೆಯ ಬಾಯಿಗೆ ಎರಕದ ಮುದ್ರೆ ಒತ್ತಿ ಬಿಗಿಯುತ್ತಿದ್ದರು. ಹಲಗೆಯ ಸಂಸ್ಕೃತವನ್ನು ಓದಬಲ್ಲವರು ಊರಿಗೆ ಒಬ್ಬಿಬ್ಬರು. ಮುದ್ರೆಯನ್ನು ಎಲ್ಲರೂ ಓದಬಲ್ಲರು. ವರಾಹದ ಜಾಗದಲ್ಲಿ ಈಗ ಗರುಡ, ಕೈಯಲ್ಲಿ ಹಾವು ಹಿಡಿದು ಕೂತ ಗರುಡ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ತನ್ನ ರಾಜಧಾನಿ ಮಾನ್ಯಖೇಟದಿಂದ, ಅಂದರೆ ಕಾಗಿಣಾ ದಂಡೆಯ ಇದೇ ಮಳಖೇಡದಿಂದ, 871ರಲ್ಲಿ ಹೊರಡಿಸಿದ ತಾಮ್ರಪಟ ಎಲ್ಲಿ ಸಿಕ್ಕಿತು ಗೊತ್ತೆ? ಅರಬ್ಬಿ ಸಮುದ್ರದ ಅಂಚಿನ ಸಂಜಾನ್‌ನಲ್ಲಿ, ಈಗಿನ ಗುಜರಾತಿನಲ್ಲಿ. ಅಷ್ಟು ದೂರಕ್ಕೆ ಹೋದ ಗರುಡನ ಹಿಂದೆ ಇದ್ದದ್ದು ಈ ನದಿ, ಈ ಕಲ್ಲು, ಈ ಊರು. ‘ಕವಿರಾಜಮಾರ್ಗ’ ಹುಟ್ಟಿದ್ದೂ ಅದೇ ದೊರೆಯ ಆಸ್ಥಾನದಲ್ಲಿ.

ಅದಕ್ಕಿಂತ ಹೆಚ್ಚು ನನ್ನನ್ನು ಹಿಡಿದು ಅಲುಗಿಸುವುದು ಮುಂದಿನದು. 973ರಲ್ಲಿ ತೈಲಪ ರಾಷ್ಟ್ರಕೂಟರನ್ನು ಕೆಳಗಿಳಿಸಿದ. ಹೊಸ ಮನೆತನ, ಹೊಸ ಶುರು. ಬೇಕಾದ ಲಾಂಛನ ಆರಿಸಿಕೊಳ್ಳಬಹುದಿತ್ತು. ಆತ ಆರಿಸಿದ್ದು ವರಾಹ! ಇನ್ನೂರ ಇಪ್ಪತ್ತು ವರ್ಷಗಳ ಹಿಂದೆ ಅಳಿಸಿಹೋಗಿದ್ದ ಬಾದಾಮಿಯ ವರಾಹವನ್ನು ತಂದು, ತಾನು ಆ ಹಳೆಯ ವಂಶದವನೇ ಎಂದು ಸಾರಿದ. ಸಾರಿದ್ದು ಎಲ್ಲಿಂದ? ರಾಜಧಾನಿ ಕಲ್ಯಾಣಕ್ಕೆ ಹೋಗುವುದು ಮುಂದೆ, ಹನ್ನೊಂದನೆಯ ಶತಮಾನದಲ್ಲಿ. ಆರಂಭದ ವರ್ಷಗಳಲ್ಲಿ ಇದೇ ಮಳಖೇಡದಿಂದ. ಗರುಡನ ಮನೆಯಲ್ಲೇ ವರಾಹನ ಮುದ್ರೆ! ಜನರ ಮನಸ್ಸಿನ ಮೂಲೆಯಲ್ಲಿ ಹಳೆಯ ಗುರುತು ಇನ್ನೂ ಬೆಚ್ಚಗಿದೆ, ಅದನ್ನು ಹೊಸದಾಗಿ ಕಟ್ಟುವುದಕ್ಕಿಂತ ಎಬ್ಬಿಸುವುದು ಸುಲಭ ಎಂದು ಆತನಿಗೆ ಹೊಳೆದಿತ್ತು. ಮುಂದೆ ವರಾಹ ನಾಣ್ಯಗಳ ಮೇಲೆ ಏರಿ, ನಾಣ್ಯದ ಹೆಸರೇ ಆಗಿ, ಆ ಪ್ರಾಣಿಯನ್ನೇ ಹೊರದ ಎಷ್ಟೋ ರಾಜರ ಚಿನ್ನವೂ ‘ವರಹ’ ಎಂದೇ ಲೆಕ್ಕವಾಯಿತು. ಬ್ರಿಟನ್ನಿನಲ್ಲಿ ಕಾನೂನಿನಡಿ ನೋಂದಾಯಿಸಿದ ಮೊದಲ ವ್ಯಾಪಾರ ಚಿಹ್ನೆ, ಬಾಸ್ ಬಿಯರಿನ ಕೆಂಪು ತ್ರಿಕೋನ, 1876ರ ಜನವರಿ 1ರದು. ನಮ್ಮ ಗರುಡ–ವರಾಹರ ಪೈಪೋಟಿ ಅದಕ್ಕೂ ಒಂಬೈನೂರು ವರ್ಷ ಮೊದಲೇ ಒಂದು ಸುತ್ತು ಮುಗಿಸಿತ್ತು.

ಅಮೋಘವರ್ಷನ ಹೆಸರಿಗೆ ಇಂದಿಗೂ ಬಲ ಇದೆ. 2019ರಲ್ಲಿ ಹೈದರಾಬಾದ್ ಕರ್ನಾಟಕ ಕಲ್ಯಾಣ ಕರ್ನಾಟಕವಾಯಿತು, ಅದರ ಹಿಂದೆಯೇ ಈಶಾನ್ಯ ಸಾರಿಗೆ ಸಂಸ್ಥೆ ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು. ಬಸ್ಸುಗಳ ಮೈಮೇಲಿನ ಅಕ್ಷರ ಬದಲಾಯಿತು. ಸಂಸ್ಥೆ ಹೊಸ ಸ್ಲೀಪರ್ ಬಸ್ಸುಗಳಿಗೆ ಇಟ್ಟ ಹೆಸರು ‘ಅಮೋಘವರ್ಷ’. ಮಳಖೇಡದ ದೊರೆ ರಾತ್ರಿ ಬಸ್ಸಿನ ಹಣೆಯ ಮೇಲೆ ಊರೂರು ಸುತ್ತುತ್ತಿದ್ದಾನೆ ಎಂದರೆ ಈ ಸೀಮೆಯ ಯಾರಿಗೆ ಖುಷಿಯಾಗದು!

ಇನ್ನು ಆ ಕೋಟೆಯ ಪಕ್ಕದ ಚಿಮಣಿಗಳತ್ತ ತಿರುಗಿ. ರಾಜಶ್ರೀ ಮೊದಲು ಇಂಡಿಯನ್ ರೇಯಾನ್ ಕಂಪನಿಯದು, 1998ರಿಂದ ಗ್ರಾಸಿಂನದು, 2010ರಲ್ಲಿ ಸಮೃದ್ಧಿ ಸಿಮೆಂಟ್ ಎಂಬ ನಡುವಿನ ಮೆಟ್ಟಿಲು ದಾಟಿ ಅಲ್ಟ್ರಾಟೆಕ್‌ನದು. ಊರವರಿಗೆ ಮಾತ್ರ ಅದು ಇಂದಿಗೂ ರಾಜಶ್ರೀಯೇ. ಮನೆತನಗಳು ಬದಲಾದರೂ ಕೋಟೆ ಮಳಖೇಡದ ಕೋಟೆಯಾಗಿಯೇ ಉಳಿದ ಊರಿನಲ್ಲಿ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

2025ರ ವಸಂತದಲ್ಲಿ ನಡೆದದ್ದು ಮಾತ್ರ ಯಾವ ರಾಜವಂಶದ ಕತೆಗೂ ಕಡಿಮೆಯಲ್ಲ. ಮಾರ್ಚ್ 1ರಂದು ಕೇಶೋರಾಂನ ಸಿಮೆಂಟ್ ವ್ಯವಹಾರ, ಅಂದರೆ ಸೇಡಂನ ವಾಸವದತ್ತಾ ಮತ್ತು ತೆಲಂಗಾಣದ ಬಸಂತನಗರದ ಕಾರ್ಖಾನೆ, ಎರಡೂ ಸೇರಿ ವರ್ಷಕ್ಕೆ 1.075 ಕೋಟಿ ಟನ್ ಸಾಮರ್ಥ್ಯ, ಅಲ್ಟ್ರಾಟೆಕ್‌ನಲ್ಲಿ ಲೀನವಾಯಿತು. ಅಜ್ಜನ ಕಾರ್ಖಾನೆ ಮೊಮ್ಮಗ ಕುಮಾರಮಂಗಲಂ ಬಿರ್ಲಾ ಅವರ ಕಂಪನಿಗೆ ಬಂತು! ದಶಕಗಳ ಕಾಲ ಅಂಗಡಿಯಲ್ಲಿ ಎದುರುಬದುರು ನಿಂತಿದ್ದ ಸೇಡಂ ಮತ್ತು ಮಳಖೇಡ ಒಂದೇ ಮುದ್ರೆಯ ಕೆಳಗೆ ಬಂದವು. ಬಿರ್ಲಾ ಶಕ್ತಿಯ ಜಾಗಕ್ಕೆ ಹಂತಹಂತವಾಗಿ ಅಲ್ಟ್ರಾಟೆಕ್ ಬರುವ ಏರ್ಪಾಡು ಶುರುವಾಯಿತು. ಮರು ತಿಂಗಳೇ, ಏಪ್ರಿಲ್‌ನಲ್ಲಿ, ಮೂರನೆಯ ಬಿರ್ಲಾ ಆದ ಓರಿಯಂಟ್ ಅದಾನಿ ಸಮೂಹದ ಅಂಬುಜಾ ಕೈಗೆ ಹೋಯಿತು. ವಾಡಿಯ ಎಸಿಸಿ 2022ರಲ್ಲೇ ಅದೇ ಸಮೂಹ ಸೇರಿತ್ತು. ಎರಡು ತಿಂಗಳೊಳಗೆ ಕಾಗಿಣಾ ಸೀಮೆಯ ನಕ್ಷೆಯೇ ಬೇರೆ!

ಹಂತಹಂತವಾಗಿ ಎಂಬ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ‘ಶಕ್ತಿ’ ಎಂದು ಕೇಳಿ ಅಭ್ಯಾಸವಾದ ಗೌಂಡಿಗೆ ಒಂದು ಮುಂಜಾನೆ ಅಂಗಡಿಯಲ್ಲಿ ಆ ಹೆಸರು ಇಲ್ಲವೆಂದರೆ ಆತ ಪಕ್ಕದ ಚೀಲಕ್ಕೆ ಕೈ ಹಾಕುತ್ತಾನೆ. ಆತನ ನಂಬಿಕೆ ಇದ್ದದ್ದು ಷೇರುಪೇಟೆಯ ಪತ್ರದಲ್ಲಲ್ಲ, ತಾನು ಹಾಕಿದ ಸ್ಲ್ಯಾಬ್ ಸೋರಲಿಲ್ಲ ಎಂಬಲ್ಲಿ. ಕಲ್ಲು ಅದೇ, ಗೂಡು ಅದೇ, ಕೆಲಸಗಾರರೂ ಅವರೇ, ಚೀಲ ಮಾತ್ರ ಬೇರೆ ಎಂದು ಆತನಿಗೆ ಡೀಲರ್ ಬಾಯಿಂದ ತಿಳಿಯಬೇಕು, ಆತ ಯಜಮಾನನಿಗೆ ಹೇಳಬೇಕು. ಗರುಡನನ್ನು ಕೊಂಕಣಕ್ಕೆ ಒಯ್ದದ್ದೂ ಇಂಥದೇ ಕೈಯಿಂದ ಕೈಗೆ ದಾಟುವ ನಂಬಿಕೆ.

ಅಂದಹಾಗೆ, ಚೀಲದ ದೊಡ್ಡಕ್ಷರ ಏನೇ ಹೇಳಲಿ, ಸಣ್ಣಕ್ಷರ ನಿಜ ಹೇಳುತ್ತದೆ. ಐಎಸ್‌ಐ ಮುದ್ರೆ ಸಿಮೆಂಟಿಗೆ ಕಡ್ಡಾಯ. ಅದರ ಜತೆಗೆ ಸಿಎಂ/ಎಲ್ ಎಂದು ಶುರುವಾಗುವ ಒಂದು ಸಂಖ್ಯೆ ಇರುತ್ತದೆ. ಆ ಪರವಾನಗಿ ಕಂಪನಿಗಲ್ಲ, ಒಂದೊಂದು ಕಾರ್ಖಾನೆಗೆ ಬೇರೆ ಬೇರೆ. ಪಕ್ಕದಲ್ಲಿ ಯಾವ ವರ್ಷದ ಎಷ್ಟನೆಯ ವಾರದಲ್ಲಿ ತುಂಬಿದ್ದು ಎಂಬ ಗುರುತು. ಕೆಳಗೆ ಕಾರ್ಖಾನೆಯ ವಿಳಾಸ. ಲಾಂಛನ ಎಷ್ಟು ಸಲ ಬದಲಾದರೂ ಯಾವ ಗುಡ್ಡದ ಕಲ್ಲು ಸುಟ್ಟು ಇದಾಯಿತು ಎಂದು ಆ ಸಾಲಿನಲ್ಲಿ ಸಿಗುತ್ತದೆ.

ಹೀಗಿರುವಾಗ ಒಂದು ಆಸೆ ನನ್ನನ್ನು ಬಿಡುತ್ತಿಲ್ಲ. ಇದೇ ನೆಲದಡಿಯ ಕಲ್ಲನ್ನು ಸುಡದೆ, ಸೀಳಿ ಹಾಸಿದರೆ ಅದು ಶಹಾಬಾದ್ ಪರಸಿ. ಅದಕ್ಕೆ ಲಾಂಛನವಿಲ್ಲ, ಜಾಹೀರಾತಿಲ್ಲ, ಒಡೆಯನೆಂಬ ಒಂದು ಕಂಪನಿಯಿಲ್ಲ. ಆದರೂ ಪುಣೆಯ ವಾಡೆಯಿಂದ ಹೈದರಾಬಾದಿನ ಅಂಗಳದವರೆಗೆ ಊರಿನ ಹೆಸರಿನಿಂದಲೇ ಕೇಳಿ ತರಿಸುತ್ತಾರೆ. ಇದೇ ನೆಲದ ಕಲಬುರಗಿ ತೊಗರಿಬೇಳೆ 2019ರಲ್ಲಿ ಭೌಗೋಳಿಕ ಗುರುತು ಪಡೆಯಿತು. ಊರಿನ ಹೆಸರಿಗೆ ಕಾನೂನಿನ ಕಾವಲು ಸಿಕ್ಕಿತು. ಚಿಂಚೋಳಿ ತಾಲ್ಲೂಕಿನ ಛತ್ರಸಾಲಾದಲ್ಲಿ ಫ್ರಾನ್ಸಿನ ವಿಕಾ ಕಂಪನಿಯ ಕಾರ್ಖಾನೆ ತನ್ನ ಹಳೆಯ ‘ವಿಕಾ ಸಾಗರ್’ ಹೆಸರು ಬಿಟ್ಟು ‘ಕಲಬುರಗಿ ಸಿಮೆಂಟ್’ ಆಯಿತು, ಊರು ಕಂಪನಿಯ ಹೆಸರಿನೊಳಗೆ ಬಂತು. ಉಳಿದ ಚೀಲಗಳಲ್ಲೂ ಬರಲಿ. ಹಳದಿಯೋ ಕೆಂಪೋ, ಸೂರ್ಯನೋ ಆನೆಯೋ, ಮುಂದಿನ ಸಲ ಲಾಂಛನ ತಿದ್ದಲು ಕೂರುವ ವಿನ್ಯಾಸಕಾರರು ಕೆಳಗಿನ ಆ ಸಣ್ಣಕ್ಷರದ ಸಾಲನ್ನು ಮೇಲಕ್ಕೆತ್ತಿ ಕನ್ನಡದಲ್ಲಿ ದಪ್ಪಗೆ ಬರೆಯಲಿ: ಮಳಖೇಡ, ಸೇಡಂ, ಇಟಗಾ, ವಾಡಿ. ಹೆಣಿಗೆಯ ಚೀಲದ ಮೇಲೆ ಒಡೆಯದೆ ಕೂರುವಷ್ಟು ಚಿಕ್ಕ, ಗಟ್ಟಿ ಹೆಸರುಗಳು ಅವು.